ನನ್ನ ಬುಧವಾರ ಮತ್ತು ಸೊಸೆಯ ಆಡ್-ಆನ್

ನಾಚಿಕೆ ಸ್ವಭಾವದವರು ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆ ಲೋಕದಲ್ಲಿದೆ. ಮೊಮ್ಮಕ್ಕಳೇ, ನಿಮ್ಮ ಅಜ್ಜಿಯೇ ಹೇಳುತ್ತಿದ್ದೇನೆ, ಅದನ್ನು ನಂಬಬೇಡಿ. ಬಾಯಿ ಜೋರಿರುವವರು ಬೇಕಾದ್ದನ್ನು ಕೇಳಿ ಪಡೆದು ಆರಾಮಾಗಿರುತ್ತಾರೆ. ನಮ್ಮಂಥವರು ಕೇಳಲಾರದೆ ಒಂದು ಸಣ್ಣ ಸುಳ್ಳು ಹೇಳಿ, ಆಮೇಲೆ ಅದನ್ನು ಜೀವಮಾನವಿಡೀ ಸಾಕುತ್ತೇವೆ. ನಾನು ಕೆರಗೋಡಿನಲ್ಲಿ ಏಳನೇ ತರಗತಿವರೆಗೆ ಓದಿದವಳು. ಮೇಷ್ಟ್ರು ಲೆಕ್ಕ ಕೇಳಿದರೆ ಗೊತ್ತಿದ್ದರೂ ಗೊತ್ತಿಲ್ಲ ಎನ್ನುತ್ತಿದ್ದೆ; ಗೊತ್ತಿದೆ ಎಂದರೆ ಬೋರ್ಡಿನ ತನಕ ನಡೆದುಹೋಗಬೇಕಿತ್ತಲ್ಲ! ಅಂಥ ನನ್ನ ಸುಳ್ಳೊಂದು ನಲವತ್ತು ವರ್ಷ ಯಾರ ಕಣ್ಣಿಗೂ ಬೀಳದೆ ಹೊಳಲಿನ ಈ ಮನೆಯಲ್ಲಿ ಸುಖವಾಗಿತ್ತು. ಕೊನೆಗೆ ಅದನ್ನು ಹಿಡಿದುಹಾಕಿದ್ದು ನಿಮ್ಮಮ್ಮ ಸವಿತಳ ಕಂಪ್ಯೂಟರು.

ನಿಮ್ಮಮ್ಮನ ಕೆಲಸ ಏನೆಂದು ಯಾರಾದರೂ ಕೇಳಿದರೆ ನಾನು ಮೊದಲೆಲ್ಲ "ಕಂಪ್ಯೂಟರು" ಎಂದು ಹೇಳಿ ಒಳಗೆ ಹೋಗಿಬಿಡುತ್ತಿದ್ದೆ. ಈಗ ನನಗೂ ಸ್ವಲ್ಪ ತಿಳಿದಿದೆ. ಯಾವುದೋ ದೊಡ್ಡ ಕಂಪನಿಯವರು ಆಫೀಸುಗಳಿಗೆಂದು ಒಂದು ಕ್ಯಾಲೆಂಡರು ಮಾಡಿದ್ದಾರೆ. ಯಾರಿಗೆ ಯಾವಾಗ ಮೀಟಿಂಗು, ಯಾರಿಗೆ ರಜ ಎಲ್ಲ ಅದರಲ್ಲೇ. ಲೋಕವೆಲ್ಲ ಅದನ್ನು ಇಟ್ಟುಕೊಂಡಿದೆಯಂತೆ. ಸವಿತ ಆ ಕ್ಯಾಲೆಂಡರನ್ನು ಮಾಡಿದವಳಲ್ಲ. ಅದಕ್ಕೆ ಅಂಟಿಸುವ ಚಿಕ್ಕ ಚಿಕ್ಕ ಅನುಕೂಲಗಳನ್ನು ಮಾಡುವವಳು. ಅದಕ್ಕೆ ಆಡ್-ಆನ್ ಅನ್ನುತ್ತಾರೆ. ನನ್ನ ಲೆಕ್ಕದಲ್ಲಿ ಅದು ದೊಡ್ಡವರ ಮನೆಗೋಡೆಗೆ ನಾವು ಇಳಿಸಿಕೊಳ್ಳುವ ಚಪ್ಪರ. ಗೋಡೆ ಕಟ್ಟುವ ಕಷ್ಟ ನಮಗಿಲ್ಲ. ಆದರೆ ಮನೆಯವರು ಒಂದು ಬೆಳಿಗ್ಗೆ ಗೋಡೆಯನ್ನು ಎರಡು ಅಡಿ ಸರಿಸಿದರೆ ನಮ್ಮ ಚಪ್ಪರ ನೆಲಕ್ಕೆ. ಅವರು ಆಗಾಗ್ಗೆ ಹಾಗೆ ಸರಿಸುತ್ತಾರೆ. ಅವತ್ತು ನಮ್ಮ ಮನೆಯಲ್ಲಿ ತಿಂಡಿ ತಡವಾಗುತ್ತದೆ.

ಈ ಆಡ್-ಆನಿನಲ್ಲಿ ನನಗೆ ಬಹಳ ಹಿಡಿಸಿದ್ದು ಅದರ ಮರ್ಯಾದೆ. ಒಳಗೆ ಬರುವ ಮೊದಲು "ನಿಮ್ಮ ಕ್ಯಾಲೆಂಡರು ನೋಡಬಹುದೇ?" ಎಂದು ಅಪ್ಪಣೆ ಕೇಳುತ್ತದೆ. ನಿಮ್ಮ ತಾತನ ಅಕ್ಕ ಪುಟ್ಟತಾಯಮ್ಮ ಭಾರತೀನಗರದಿಂದ ಬಸ್ಸಿಳಿದು ಬಂದರೆ ಚಪ್ಪಲಿ ಬಿಡುವ ಮೊದಲೇ ಅಡುಗೆಮನೆಯ ಪಾತ್ರೆಗಳ ಮುಚ್ಚಳ ತೆಗೆದು ನೋಡಿರುತ್ತಾರೆ.

ನಿಮ್ಮ ಚಿಕ್ಕಪ್ಪನ ಮದುವೆ ಮಳವಳ್ಳಿಯಲ್ಲಿ ಗೊತ್ತಾದಾಗ ಬೀಗರೂಟಕ್ಕೆ ದಿನ ಹುಡುಕುವ ಕೆಲಸ ಬಂತು. ಮುಹೂರ್ತಕ್ಕಾದರೆ ಪುರೋಹಿತರಿದ್ದಾರೆ. ಬೀಗರಿಗೆ ಬಾಡೂಟ ಹಾಕಲು ದಿನ ಹುಡುಕುವುದಿದೆಯಲ್ಲ, ಅದು ಪುರೋಹಿತರ ಕೈಲೂ ಆಗದ ಕೆಲಸ. ನಮ್ಮ ಕಡೆ ಒಬ್ಬೊಬ್ಬರಿಗೂ ಒಂದೊಂದು ವಾರ. ವಾರ ಎಂದರೆ ದೇವರ ಹೆಸರಿನಲ್ಲಿ ಮಾಂಸ ಮುಟ್ಟದ ದಿನ. ಇದನ್ನು ಕೇಳದೆ ನಮ್ಮ ಬೀದಿಯವರೊಬ್ಬರು ಶನಿವಾರ ಬೀಗರೂಟ ಇಟ್ಟು, ಬಂದ ಬೀಗರೆಲ್ಲ ಮೊಸರನ್ನ ತಿಂದು ಕೈ ತೊಳೆದರು. ಇವತ್ತಿಗೂ ಆ ಮನೆಗೆ ಮೊಸರನ್ನದವರ ಮನೆ ಎಂದೇ ಹೆಸರು.

"ಅತ್ತೆ, ಇದಕ್ಕೆ ನಾನೇ ಒಂದು ಆಡ್-ಆನ್ ಮಾಡ್ತೀನಿ" ಎಂದಳು ಸವಿತ. ಅದುವರೆಗೆ ಅವಳು ಬೇರೆಯವರು ಹೇಳಿದ್ದನ್ನು ಮಾಡಿಕೊಡುತ್ತಿದ್ದಳು. ಇದು ಅವಳದೇ ಯೋಚನೆ, ಅವಳದೇ ಮೊದಲ ಕೂಸು. ಎಲ್ಲರ ವಾರ, ಯಾರಿಗೆ ಯಾವ ಪದಾರ್ಥ ಆಗದು ಎಲ್ಲ ತುಂಬಿಸಿದರೆ ಎಲ್ಲರಿಗೂ ಒಗ್ಗುವ ಊಟದ ದಿನ ತಾನಾಗಿ ಬರಬೇಕು. ಮನೆಯಲ್ಲಿ ಸರಿಬಂದರೆ ಆ ದೊಡ್ಡ ಕಂಪನಿಯ ಆನ್‌ಲೈನ್ ಅಂಗಡಿಯಲ್ಲಿ ಇಡಬೇಕೆಂದು ಅವಳ ಆಸೆ. ನನ್ನ ಹೆಸರಿನ ಮುಂದೆ ನನ್ನನ್ನು ಕೇಳದೆಯೇ ಬರೆದಳು: ಬುಧವಾರ ವಾರ, ಬದನೆಕಾಯಿ ನಂಜು.

ಮದುವೆಗೆ ಎಂಟು ದಿನ ಮೊದಲೇ ಬಂದಿದ್ದ ಪುಟ್ಟತಾಯಮ್ಮ ಕುರ್ಚಿ ಎಳೆದುಕೊಂಡು ಅವಳ ಪಕ್ಕವೇ ಕುಳಿತರು. ಸವಿತ ಗುಂಡಿ ಒತ್ತಿದಳು. ಪರದೆಯ ಮೇಲೆ ಬಂದದ್ದು ಒಂದೇ ಸಾಲು: ಯಾವ ದಿನವೂ ಇಲ್ಲ.

"ಏನವ್ವಾ, ನಿನ್ ಪೆಟ್ಗೆ ದಿನ ಉಡುಕ್ತೋ, ಇಲ್ಲಾ ಅದೂ ವಾರ ಮಾಡ್ತಾ ಕುಂತೈತೋ? ನಮ್ಮವ್ವ ಇದ್ದಿದ್ರೆ ಬೆಳ್ಳೆಣಿಸ್ಕೊಂಡೇ ದಿನ ಏಳ್ಬುಡೋಳು!" ಎಂದರು ಪುಟ್ಟತಾಯಮ್ಮ.

ಸವಿತ ಎರಡು ದಿನ ತಪ್ಪು ಹುಡುಕಿದಳು. ತಪ್ಪಿರಲಿಲ್ಲ. ಮದುವೆ ಭಾನುವಾರ. ಮುಂದಿನ ಭಾನುವಾರ ಬೀಗರು ಅಯ್ಯಪ್ಪನ ಮಾಲೆ ಹಾಕುತ್ತಾರೆ. ನಡುವೆ ಇರುವುದು ಆರು ದಿನ. ಸೋಮವಾರ ನಾವು ಮಾದಪ್ಪನ ಒಕ್ಕಲು. ಮಂಗಳವಾರ ಬೀಗಿತ್ತಿಗೆ ಮಾರಮ್ಮನ ವಾರ. ಗುರುವಾರ ಹೆಣ್ಣಿನ ಸೋದರಮಾವ ಮಠಕ್ಕೆ ನಡೆದುಕೊಳ್ಳುವವರು. ಶುಕ್ರವಾರ ಎರಡೂ ಮನೆಯ ಹೆಂಗಸರಿಗಾಗದು. ಶನಿವಾರ ಪುಟ್ಟತಾಯಮ್ಮನವರ ತಿಮ್ಮಪ್ಪ. ಬುಧವಾರದ ಸಾಲಿನಲ್ಲಿ ಎಲ್ಲರ ಹೆಸರೂ ಹಸಿರು, ಒಂದೇ ಒಂದು ಕೆಂಪು. ಆ ಕೆಂಪು ನಾನು.

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಹೇಳಿಬಿಡುತ್ತೇನೆ. ಮದುವೆಯಾಗಿ ಈ ಮನೆಗೆ ಬಂದು ತಿಂಗಳಾಗಿತ್ತು. ಒಂದು ಬುಧವಾರ ನೆಂಟರು ಬಂದು ಬಾಡಿನ ಅಡುಗೆಯಾಯಿತು. ಹೆಂಗಸರು ಕೂರುವ ಹೊತ್ತಿಗೆ ಪಾತ್ರೆಯಲ್ಲಿ ಸಾರು ಬಿಟ್ಟರೆ ನಾಲ್ಕು ತುಂಡು ಇದ್ದಿರಬಹುದು. ನನ್ನ ಅತ್ತೆಯೂ ಉಂಡಿರಲಿಲ್ಲ. ಅವರು ಸೌಟು ಹಿಡಿದು ನನ್ನ ತಟ್ಟೆಯ ಕಡೆ ಬಗ್ಗಿದಾಗ ನಾಚಿಕೆಯಲ್ಲಿ ಬಾಯಿಗೆ ಬಂದದ್ದು, "ನಂಗೆ ಬುಧವಾರ ವಾರ." ಅಷ್ಟೇ. ಅತ್ತೆ ಸೌಟು ಇಳಿಸಿ ಕೈ ಮುಗಿದರು! ಅಂದಿನಿಂದ ಬುಧವಾರ ಬಂದರೆ ನನಗೆ ಬೇರೆ ಒಲೆಯಲ್ಲಿ ಸೊಪ್ಪು-ಕಾಳಿನ ಉಪ್ಪೆಸ್ರು. ಯಾವ ದೇವರೆಂದು ಯಾರೂ ಕೇಳಲಿಲ್ಲ. ಕೆರಗೋಡಿನ ಕಡೆಯದ್ದು ಯಾವುದೋ ಇರಬೇಕೆಂದುಕೊಂಡರು. ನಿಮ್ಮ ತಾತ ಮಾತ್ರ ಒಮ್ಮೆ ಬುಧವಾರ ಮಂಡ್ಯದ ಆಸ್ಪತ್ರೆಗೆ ಕರೆದುಕೊಂಡು ಹೋದವರು, ಹೋಟೆಲಿನಲ್ಲಿ ತಮ್ಮ ತಟ್ಟೆಯಿಂದ ಒಂದು ತುಂಡನ್ನು ನನ್ನ ತಟ್ಟೆಗೆ ಸರಿಸಿ, "ತಿನ್ನು, ನಿನ್ ದೇವ್ರು ಮಂಡ್ಯಗಂಟ ಬರಕಿಲ್ಲ" ಎಂದರು. ಅವರಿಗೆ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ತುಂಡನ್ನಂತೂ ತಿಂದೆ.

ಮೂರನೇ ದಿನ ಮಧ್ಯಾಹ್ನ ಪುಟ್ಟತಾಯಮ್ಮನೂ ನಾನೂ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆವು. ಬೀಗರೂಟ ಸಂಕ್ರಾಂತಿ ಕಳೆದ ಮೇಲಿರಲಿ ಎಂದು ಅವರು ಆಗಲೇ ತೀರ್ಮಾನ ಮಾಡಿದ್ದರು. ಸವಿತ ಸಪ್ಪೆ ಮುಖ ಮಾಡಿಕೊಂಡು ಬಂದಳು.

"ಅಳಿಸಿ ಹಾಕ್ತೀನಿ ಅತ್ತೆ. ನಮ್ಮನೆ ಊಟಕ್ಕೇ ದಿನ ಹುಡುಕದೇ ಇರೋದನ್ನ ಊರವರಿಗೆ ಹೆಂಗೆ ಕೊಡಲಿ?"

ತಪ್ಪು ಅವಳದ್ದಲ್ಲ. ಅವಳ ಆಡ್-ಆನ್ ಸತ್ಯ ಹೇಳುತ್ತಿತ್ತು, ನಾನು ಕೊಟ್ಟ ಸುಳ್ಳನ್ನೇ ನಂಬಿಕೊಂಡು. ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿದೆ.

"ನನ್ ಹೆಸರಿನ ಮುಂದಿರೋ ಬುಧವಾರ ತೆಗೆದುಬುಡು" ಎಂದೆ.

"ಬೇಡಿ ಅತ್ತೆ. ನಮಗೋಸ್ಕರ ನೀವು ದೇವರನ್ನ ಬಿಡೋದಾ?"

"ದೇವರಿದ್ರೆ ತಾನೆ ಬುಡೋಕೆ!"

ಆಮೇಲೆ ಎಲ್ಲವನ್ನೂ ಹೇಳಿದೆ, ಅವರೆಕಾಳಿನ ಮೊರವನ್ನೇ ನೋಡುತ್ತ. ಸವಿತ ಬಾಯಿಗೆ ಸೆರಗು ಒತ್ತಿಕೊಂಡಳು. ಪುಟ್ಟತಾಯಮ್ಮ ಮೊರವನ್ನು ಪಕ್ಕಕ್ಕೆ ಸರಿಸಿದರು.

"ಲೇ ಜಯಿ" ಎಂದರು, "ಅವತ್ತು ಅಡುಗೆ ಮಾಡ್ದೋಳು ನಾನು ಕಣೆ. ಒಸ ಎಣ್ಣು, ಕೇಳಕ್ಕೆ ನಾಚ್ಕತದೆ ಅಂತ ನಿಂಗೆ ಅಂತಲೇ ಒಂದು ಬಟ್ಲು ತುಂಬ ಬಾಡ ಎತ್ತಿ ಅಟ್ಟದ ಮ್ಯಾಲೆ ಮಡಗಿದ್ದೆ. ನೀನು ವಾರ ಅಂದ್ಯಲ್ಲ!"

"ಆಮೇಲೆ ಆ ಬಟ್ಟಲು ಏನಾಯ್ತಕ್ಕ?"

"ಏನಾಯ್ತದೆ? ದೇವ್ರ ಎಸ್ರೇಳಿ ನಾನೇ ತಿಂದೆ."

ಬುಧವಾರವೇ ಬೀಗರೂಟವಾಯಿತು. ಮಳವಳ್ಳಿಯವರು ಎರಡು ಬಸ್ಸು ಮಾಡಿಕೊಂಡು ಬಂದರು. ನಾನು ಎಲೆಯ ಮುಂದೆ ಕುಳಿತೆ. ಬಡಿಸುವವನು ಬಕೆಟ್ಟು ಹಿಡಿದು ನನ್ನ ಹತ್ತಿರ ಬಂದದ್ದೇ ತಡ, ಸಾಲಿನಲ್ಲಿದ್ದ ನೆಂಟರೆಲ್ಲ ಒಂದೇ ದನಿಯಲ್ಲಿ "ಅವರಿಗೆ ಆಕ್ಬೇಡ ಕಣಪ್ಪ, ಬುಧವಾರ!" ಎಂದರು. ಕಂಪ್ಯೂಟರಿನಲ್ಲಿ ಅಳಿಸಿದ್ದು ಇವರ ತಲೆಯಲ್ಲಿ ಅಳಿಸಿರಲಿಲ್ಲ. ನಾನು ಬಾಯಿ ತೆರೆದು ಹೇಳಬೇಕಿತ್ತು. ಎಲೆಯ ತುದಿಯ ಉಪ್ಪನ್ನು ಬೆರಳಲ್ಲಿ ಸರಿಸುತ್ತ ಕುಳಿತೆ. ಎದುರು ಸಾಲಿನಿಂದ ಪುಟ್ಟತಾಯಮ್ಮನೇ ಕೂಗಿದರು: "ಆಕ್ಲಾ ಅವ್ಳಿಗೆ! ಅವ್ಳ ದೇವ್ರು ರಜ ಕೊಟ್ಟವ್ನೆ!" ಅವನು ಒಂದು ಸೌಟು ಹಾಕಿ "ಇನ್ನೂ ಹಾಕ್ಲಾ ಅವ್ವ?" ಎಂದ. ನನ್ನ ಬಾಯಿ ತನ್ನಷ್ಟಕ್ಕೆ ತಾನೇ "ಸಾಕು" ಎಂದುಬಿಟ್ಟಿತು.

ಈಗ ಸವಿತಳ ಆಡ್-ಆನ್ ಅಂಗಡಿಯಲ್ಲಿದೆ. ಇಡುವ ಹಿಂದಿನ ದಿನ ಅವಳು ಕೊನೆಯ ಸಲ ಎಲ್ಲವನ್ನೂ ತಿದ್ದುತ್ತ ಕೇಳಿದಳು, "ಅತ್ತೆ, ನಿಮ್ಮ ಹೆಸರಿನ ಮುಂದೆ ಇನ್ನೇನಾದರೂ ತೆಗೆಯೋದಿದ್ಯಾ? ಈಗಲೇ ಹೇಳಿಬಿಡಿ."

ನಾನು ಪರದೆ ನೋಡಿದೆ. ಬದನೆಕಾಯಿ ನನಗೆ ನಂಜಲ್ಲ, ಮೊದಲಿನಿಂದಲೂ ಸೇರದು, ಅಷ್ಟೇ. ಬೇಡ ಎನ್ನಲು ನಾಚಿಕೆ.

"ಏನಿಲ್ಲ ಕಣಮ್ಮ, ಎಲ್ಲ ಸರಿಯಾಗೈತೆ" ಎಂದೆ.