ದಂಡೋತಿ ಹಲಗಿಯ ಕೌದಿ ಟೇಬಲ್

ಈಗ ಹೇಳುವುದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಬೇಕಿದ್ದರೆ ಕಾಗಿಣಾ ನದಿಯಲ್ಲಿ ಮೊಣಕಾಲುಮಟ ನಿಂತು ಆಣೆ ಮಾಡುತ್ತೇನೆ. ಬೇಸಿಗೆಯಲ್ಲಿ ಕೇಳಿದರೆ ಮಾತ್ರ ನೀರು ನೀವೇ ತರಬೇಕು.

ಬೇರೆಯವರ ಮನೆಗೆ ಟೇಬಲ್ ಬೇಕಾದರೆ ಅಂಗಡಿಗೆ ಹೋಗುತ್ತಾರೆ, ತರುತ್ತಾರೆ, ಕೂತು ಉಣ್ಣುತ್ತಾರೆ. ಮುಗಿಯಿತು. ನಾನು ಕೈ ಹಚ್ಚಿದರೆ ಮಾತ್ರ ಅದು ಊರು ಮಾತಾಡುವ ಪ್ರಸಂಗವೇ ಆಗುತ್ತದೆ. ಏನು ಮಾಡುವುದು, ಕೈಗುಣ ಹಾಗಿದೆ. ಸೇಡಮ್ಮಿನಿಂದ ಚಿಂಚೋಳಿವರೆಗೆ ಕಟ್ಟಿಗೆ ಕೆಲಸದಲ್ಲಿ ನನ್ನಂಥವನು ಇಲ್ಲ ಎಂದು ನಾನೇ ಎಷ್ಟೋ ಸಲ ಹೇಳಿದ್ದೇನೆ. ಇನ್ನೊಬ್ಬರು ಹೇಳಲಿ ಅಂತ ಕಾಯುತ್ತಾ ಕೂತರೆ ವಯಸ್ಸಾಗಿಬಿಡುತ್ತದೆ.

ಊರಿಗೆ ಹೋದ ಬಾಗಿಲು

ನಾನು ಹುಟ್ಟಿದ ಮನೆ ದಂಡೋತಿಯಲ್ಲಿ, ನದಿಯಿಂದ ಕೂಗಳತೆಯಲ್ಲಿತ್ತು. ಅವ್ವ ಹೋದ ಮೇಲೆ ಬೀಗ ಬಿತ್ತು. ಒಂದು ಮಳೆಗಾಲಕ್ಕೆ ಹಿಂದಿನ ಗೋಡೆ ಕೂತಿತು, ಮರುವರ್ಷ ಪಡಸಾಲೆ. ಕೊನೆಗೆ ನಾವೇ ಇಳಿಸಿದೆವು. ಕಲ್ಲು ದಾಯಾದಿಗಳಿಗೆ ಹೋಯಿತು. ಬಾಗಿಲು, ಹೊಸ್ತಿಲು, ಅಟ್ಟದ ಹಲಗೆ, ಜೋಕಾಲಿಯ ಹಲಗೆ ನನ್ನ ಪಾಲಿಗೆ ಬಂದವು. ಎಲ್ಲವನ್ನೂ ಟೆಂಪೋದಲ್ಲಿ ಹೇರಿಕೊಂಡು ಶಹಾಬಾದಿನ ನನ್ನ ಮನೆಗೆ ಹೊರಟೆ.

ಬಾಗಿಲು ಚೌಕಟ್ಟಿನ ಸಮೇತ ಇತ್ತು, ಮಲಗಿಸಿದರೆ ಹಿಡಿಸಲಿಲ್ಲ. ಹಿಂಬದಿಗೆ ಎತ್ತಿ ನಿಲ್ಲಿಸಿ ಹಗ್ಗ ಬಿಗಿದೆವು. ನಾನು ಅದರ ಒಳಮಗ್ಗುಲಲ್ಲಿ ಹಲಗೆಗಳ ಮೇಲೆ ಕೂತೆ. ಚಿತ್ತಾಪುರದಲ್ಲಿ ಡ್ರೈವರ್ ಚಹಾಕ್ಕೆ ನಿಲ್ಲಿಸಿದ. ಆ ದಾರಿಯಲ್ಲಿ ಬಂದ ಹಳೇ ಗೆಳೆಯನೊಬ್ಬ ನನ್ನನ್ನು ನೋಡಿದವನೇ, ಏನೂ ಗೊತ್ತಿಲ್ಲದವನಂತೆ ಹಿಂದಕ್ಕೆ ಬಂದು ಚಿಲಕ ಬಡಿದ.

"ಮನ್ಯಾಗ ಯಾರರ ಅದಾರೇನ್ರಿ?"

ನಾನೂ ಒಳಗಿನಿಂದಲೇ ಹೇಳಿದೆ: "ಇಲ್ರೀ, ಚಿತ್ತಾಪುರಕ್ಕ ಹೋಗ್ಯಾರ."

"ಮನಿಗಿ ಯಾವಾಗ ಬರ್ತಾರ್ರೀ?"

"ಮನಿನೂ ಸಂಗಟನೇ ಒಯ್ದಾರ್ರೀ. ಡ್ರೈವರ್ ಚಾ ಮುಗಿಸಿದ್ರ ಎರಡೂ ಕೂಡೇ ಬರ್ತಾವ."

ಹಂಡೆ ಒಲೆಯ ಗಡುವು

ಹಲಗೆಗಳು ನಮ್ಮ ಅಂಗಳದಲ್ಲಿ ಇಳಿದವು. ಇಳಿದವು ಅಷ್ಟೇ, ಏಳಲಿಲ್ಲ. ಬೆಕ್ಕು ಮರಿ ಹಾಕಿತು. ಮರಿಗಳು ದೊಡ್ಡವಾಗಿ ಹೋದವು. ಹೆಂಡತಿ ದಿನಾ ಬೆಳಿಗ್ಗೆ ಸ್ನಾನದ ಹಂಡೆಗೆ ಉರಿ ಹಾಕುವಾಗ ಹಲಗೆಗಳ ಕಡೆ ನೋಡುವಳು, ಆಮೇಲೆ ಒಲೆಯ ಕಡೆ ನೋಡುವಳು. ಆ ನೋಟದ ಅರ್ಥ ನನಗೆ ಗೊತ್ತಿತ್ತು.

ಅಷ್ಟರಲ್ಲಿ ಸೇಡಮ್ಮಿನಿಂದ ಅಕ್ಕನ ಫೋನು ಬಂತು. ಮದುವೆಯಾದಂದಿನಿಂದ ನಾಗರಪಂಚಮಿ ಹಬ್ಬಕ್ಕೆ ತವರಿಗೆ ಬರುವುದನ್ನು ತಪ್ಪಿಸಿದವಳಲ್ಲ ಅವಳು. ಆ ಸಲ ದನಿಯೇ ಬೇರೆ.

"ಪಂಚಮಿಗಿ ನಾ ಬರಂಗಿಲ್ಲ ತಮ್ಮಾ."

"ಯಾಕಕ್ಕಾ? ನನ್ನ ಮನಿ ಇಲ್ಲೇನು?"

"ಅದು ನಿನ್ನ ಮನಿ. ಅವ್ವನ ಮನಿ ಬಿದ್ದೇ ಹೋಯ್ತು. ತವರ ಅಂತ ಎಲ್ಲಿಗಿ ಬರ್ಲಿ, ಹೇಳು."

ಸಿಕ್ಕಿಬಿದ್ದಾಗ ನಾನು ಬಡಾಯಿ ಕೊಚ್ಚುತ್ತೇನೆ. "ತವರು ಎಲ್ಲಿ ಬಿದ್ದದ? ನನ್ನ ಅಂಗಳದಾಗ ಅದ! ಆ ಹಲಗಿಯಿಂದ ಟೇಬಲ್ ಮಾಡಾಕತ್ತೀನಿ. ಅದೂ ಎಂಥಾದು? ಅವ್ವ ಹಳೀ ಸೀರಿ ತುಂಡು ಕೂಡಿಸಿ ಹೊಲೀತಿದ್ದ ಕೌದಿ ಇತ್ತಲ್ಲ, ಅದೇ ಡಿಜೈನಿಂದು. ಪಂಚಮಿ ದಿನ ಅದರ ಮ್ಯಾಲೇ ನಿನಗ ಊಟ!"

ಅಕ್ಕ ಅಂದಳು, "ಖರೇನಾ? ಹಂಗಾದ್ರ ನೋಡಾಕ ಬರ್ತೀನಿ. ನೋಡ್ತೀನಿ, ತವರ ಅನ್ನಿಸಿದ್ರ ಇರ್ತೀನಿ. ಇಲ್ಲಂದ್ರ ಸಂಜಿ ಬಸ್ಸಿಗಿ ಹೋಗ್ತೀನಿ, ಮತ್ತ ಕರೀಬ್ಯಾಡ." ಹಿಂದಿನಿಂದ ಅವಳ ಗಂಡ, ನಮ್ಮ ಮಾವ, ಕೂಗಿದರು: "ಅಳಿಯಾ, ಜಲ್ದಿ ಮಾಡೋ! ನನಗ ಮೊಣಕಾಲ ನೋವು, ನೆಲಕ್ಕ ಕುಂದ್ರಾಕ ಬರಂಗಿಲ್ಲ. ನಿನ್ನ ಟೇಬಲ್ ಒಂದೇ ನನಗ ದಿಕ್ಕು!"

ಫೋನು ಇಟ್ಟು ತಿರುಗಿದರೆ ಹೆಂಡತಿ ನಿಂತಿದ್ದಳು. "ಪಂಚಮಿ ತನಕ ಬಿಡ್ತೀನ್ರಿ. ಅಷ್ಟರಾಗ ಟೇಬಲ್ ಎದ್ದು ನಿಂತ್ರ ಊಟಕ್ಕ. ಇಲ್ಲಂದ್ರ ಹಂಡೆ ಒಲೀಗಿ. ಎರಡೂ ಕಡಿ ಹಬ್ಬನೇ."

ಕಲ್ಲಿನ ಊರಲ್ಲಿ ಕಟ್ಟಿಗೆ

ಶಹಾಬಾದ್ ಅಂದರೆ ಕಲ್ಲು. ನಮ್ಮಲ್ಲಿ ನೆಲ ಕಲ್ಲು, ಮಾಳಿಗೆ ಕಲ್ಲು, ಅಡಿಗೆ ಕಟ್ಟೆ ಕಲ್ಲು, ಜಗಲಿ ಕಲ್ಲು. ಕಟ್ಟಿಗೆಯ ಟೇಬಲ್ ಮಾಡುತ್ತೇನೆಂದರೆ ಮೀನು ಸೈಕಲ್ ಕೊಂಡಂತೆ ನೋಡುತ್ತಾರೆ. ಪಕ್ಕದ ಮನೆಯವನು ಪರಸಿ ಎಂಬ ನೆಲಹಾಸು ಕಲ್ಲಿನ ಪಾಲಿಶ್ ಮಷಿನ್ ನಡೆಸುವವನು. ನಾನು ಹಲಗೆಗೆ ಮರಳು ಕಾಗದ ತಿಕ್ಕುವುದನ್ನು ಕಾಂಪೌಂಡ್ ಮೇಲಿನಿಂದ ನೋಡಿ ನಕ್ಕ.

"ಏನ್ ಕಾಕಾ, ಇಷ್ಟು ಪರೇಶಾನಿ ಯಾಕ? ಒಂದು ಪರಸಿ ಕಳಸ್ತೀನಿ, ನಾಲ್ಕು ಕಾಲಿನ ಮ್ಯಾಲ ಇಟ್ಟುಬಿಡ್ರಿ. ಮುಗೀತು ಟೇಬಲ್."

"ಕಲ್ಲು ಯಾರರ ಇಡ್ತಾರೋ. ಇದು ಕಲಾ."

"ಅಲುಗಾಡ್ತದ ನೋಡ್ರಿ ಕಾಕಾ."

"ನಾ ಮಾಡಿದ್ದು? ಆನಿ ಹತ್ತಿದ್ರೂ ಅಲುಗಾಡಂಗಿಲ್ಲ!"

ಅವನು ತೆಳ್ಳಗಿನ ಒಂದು ಕಲ್ಲಿನ ಚಕ್ಕೆ ತಂದು ಕಾಂಪೌಂಡ್ ಮೇಲಿಟ್ಟ. "ಇಟ್ಕೊಳ್ರಿ. ಈ ಊರಾಗ ಕಲ್ಲಿಲ್ಲದ ಏನೂ ನಿಂದ್ರಂಗಿಲ್ಲ." ನಾನು ಸಿಟ್ಟಿನಿಂದ ಅದನ್ನು ತುಳಸಿ ಕಟ್ಟೆಯ ಹಿಂದೆ ಬಿಸಾಕಿದೆ. ಬಿಸಾಕಿದ್ದು ಎಲ್ಲಿ ಬಿತ್ತು ಅಂತ ಮಾತ್ರ ಸರಿಯಾಗಿ ನೋಡಿಟ್ಟುಕೊಂಡೆ.

ವಾಡಿಯ ಕಿಡಿ

ಹಲಗೆಗಳನ್ನು ಪಟ್ಟಿಪಟ್ಟಿಯಾಗಿ ಸೀಳಿಸಬೇಕಲ್ಲ, ವಾಡಿಯ ಕಟ್ಟಿಗೆ ಅಡ್ಡೆಗೆ ಒಯ್ದೆ. ಗರಗಸದ ಮುಂದೆ ಕೂತವನು ಕೇಳಿದ: "ಮೊಳಿ ಎಲ್ಲಾ ತಗದೀರಿಲ್ಲರೀ? ಹಳೀ ಬಾಗಲಾ ಇದು."

"ಒಂದೊಂದನ್ನೂ ನಾನೇ ಕೈಯಾರೆ ಕಿತ್ತೀನಿ. ಫಿಕರ್ ಬ್ಯಾಡ, ಹಚ್ಚು."

ಹಚ್ಚಿದ. ಗರಗಸ ಕೂಗಿದ ಕೂಗಿಗೆ ಜಂಕ್ಷನ್ನಿಗೆ ರೈಲು ಬಂತೆಂದು ಹೊರಗೆ ನಿಂತವರು ಚೀಲ ಎತ್ತಿಕೊಂಡರು. ದೀಪಾವಳಿಯ ಸುರುಸುರು ಬತ್ತಿಯಂತೆ ಕಿಡಿ ಹಾರಿತು. ಅವನು ಮಷಿನ್ ಬಂದ್ ಮಾಡಿ, ಹಲಗೆಯೊಳಗಿಂದ ಬೆರಳುದ್ದದ ಮೊಳೆ ಎಳೆದು ನನ್ನ ಅಂಗೈಗೆ ಹಾಕಿದ. ಹಳೇ ಕಾಲದ್ದು, ಕಮ್ಮಾರ ಬಡಿದು ಮಾಡಿದ ಚೌಕ ಮೊಳೆ.

"ಇದೇನ್ರೀ ಯಜಮಾನ್ರೇ?"

ಸೋಲುವ ಮನುಷ್ಯನೇ ನಾನು? "ಅದು ಮೊಳಿ ಅಲ್ಲ. ನಮ್ಮಜ್ಜನ ಕಾಲದ ಸಾಮಾನು. ನೀ ಹುಡುಕಿ ಕೊಟ್ಟಿ ಅಂತ ಊರ ತುಂಬ ಹೇಳ್ತೀನಿ ಬಿಡು!"

ಅವನು ನನ್ನನ್ನೇ ನೋಡಿ, ಅಲ್ಲಿದ್ದ ಇಕ್ಕಳ ನನ್ನ ಕೈಗಿಟ್ಟ. "ಹಂಗಿದ್ರ ಅಜ್ಜನ ಉಳದ ಸಾಮಾನೂ ತಕ್ಕೊಂಡು ಆಮ್ಯಾಲ ಬರ್ರಿ."

ನಾಕೆಯಲ್ಲಿ ಕೇಳಿದ ಸಹಿ

ಮೇಲ್ಭಾಗಕ್ಕೆ ಕಟ್ಟಿಗೆ ಆಯಿತು, ಕಾಲುಗಳಿಗೆ ಇಲ್ಲ. ಹೆಂಡತಿಯ ತವರು ಚಿಂಚೋಳಿಯ ಆಚೆ, ಕುಂಚಾವರಂ ಕಡೆ. ಅಲ್ಲಿ ಮುರಿದ ಚಕ್ಕಡಿಯೊಂದು ಕೊಟ್ಟಿಗೆಯ ಹಿಂದೆ ಬಿದ್ದಿತ್ತು. ಅದರ ಮೂಕಿಯನ್ನು, ಅಂದರೆ ನೊಗಕ್ಕೆ ಸೇರುವ ಉದ್ದನೆಯ ಮರವನ್ನು, ಕಡಿದು ನಾಲ್ಕು ಕಾಲು ಮಾಡಿ, ಗೋಣಿಯಲ್ಲಿ ಸುತ್ತಿ ಜೀಪಿಗೆ ಹಾಕಿಕೊಂಡು ಬಂದೆ. ಅದು ಕಾಡಿನ ದಾರಿ; ಅರಣ್ಯ ತಪಾಸಣೆಯ ನಾಕೆಯಲ್ಲಿ ಗಾರ್ಡ್ ನಿಲ್ಲಿಸಿದ. ಗೋಣಿ ಬಿಚ್ಚಿ ನೋಡಿದ.

"ಈ ಗಿಡ ಎಲ್ಲಿ ಕಡದ್ರಿ?"

"ಗಿಡ ಅಲ್ರೀ ಸಾಹೇಬ್ರೇ, ಬಂಡಿ. ಇದನ್ನ ಕಡದಾಗ ನನ್ನ ಹೆಂಡ್ತಿ ಅಪ್ಪನೂ ಹುಟ್ಟಿರಲಿಲ್ಲ. ಅವರ ಅಪ್ಪ ಕಡದಿದ್ದು."

ಅವನು ಮೂಕಿಯ ಮೇಲಿನ ಕೀಲೆಣ್ಣೆಯ ಕಪ್ಪು ಕಲೆ ನೋಡಿದ, ಎತ್ತಿನ ಹಗ್ಗ ತಿಕ್ಕಿ ಸವೆದ ಜಾಗ ನೋಡಿದ. ನಿಜ ಅಂತ ಗೊತ್ತಾಗಿಯೂ ಮುಖ ಗಂಟಿಕ್ಕಿಕೊಂಡೇ ಹೇಳಿದ: "ಹಂಗಾದ್ರ ಅವರನ್ನ ಕರ್ಕೊಂಡು ಬರ್ರಿ, ಕಡದೀನಿ ಅಂತ ಸಹಿ ಮಾಡ್ಲಿ."

"ಅವರು ಬಂದ್ರ ನಾನೂ ಓಡ್ತೀನಿ, ನೀವೂ ಓಡ್ತೀರಿ. ಸಹಿ ಯಾರು ತಕ್ಕೋಬೇಕ್ರೀ?"

ನಗು ತಡೆಯಲಾರದೆ ಕೈ ಎತ್ತಿ ಜೀಪನ್ನು ಬಿಟ್ಟ.

ನಡುವಿನ ತೇಪೆ

ಕೌದಿ ಹೊಲಿಯುವವರಿಗೆ ಗೊತ್ತು, ಹಳೇ ಸೀರೆಯ ಒಂದೊಂದು ತುಂಡನ್ನೂ ಒಂದಕ್ಕೊಂದು ಸೇರಿಸುತ್ತಾ ಅಂಚಿನಿಂದ ನಡುವಿಗೆ ಬರಬೇಕು. ನಾನೂ ಹಾಗೇ ಬಂದೆ. ಬಾಗಿಲಿನ ಕಪ್ಪು ಪಟ್ಟಿ, ಅದರ ಪಕ್ಕ ಅಟ್ಟದ ಕಂದು ಪಟ್ಟಿ, ಒಳಗೆ ಜೋಕಾಲಿ ಹಲಗೆಯ ಕೆಂಪು ತ್ರಿಕೋನಗಳು. ಹೆಂಡತಿ ಮೊದಲು ಮೂಗು ಮುರಿಯುತ್ತಿದ್ದವಳು, ಆಮೇಲಾಮೇಲೆ ರೊಟ್ಟಿ ಬಡಿಯುವ ಕೈಯಲ್ಲೇ ಬಂದು "ಆ ಕೆಂಪು ಈ ಕಡಿ ಹಚ್ರಿ, ಕಳೆ ಬರ್ತದ" ಎನ್ನತೊಡಗಿದಳು. ಕೌದಿಯ ವಿಷಯದಲ್ಲಿ ನಾನು ಅವಳ ಮಾತು ಮೀರುವುದಿಲ್ಲ. ಉಳಿದ ವಿಷಯದಲ್ಲೂ ಮೀರುವುದಿಲ್ಲ, ಅದು ಬೇರೆ ಮಾತು.

ಪಂಚಮಿ ನಾಳೆ ಅನ್ನುವಾಗ ನಟ್ಟನಡುವೆ ಒಂದು ತೇಪೆಯಷ್ಟು ಜಾಗ ಖಾಲಿ ಉಳಿಯಿತು. ಕಟ್ಟಿಗೆ ಮುಗಿದಿತ್ತು. ಹೆಂಡತಿ ಹಬ್ಬಕ್ಕೆ ಜೋಳದ ಅಳ್ಳು ಹುರಿಸಲು ಹೋಗಿದ್ದಳು. ಸುತ್ತ ನೋಡಿದೆ. ಮೂಲೆಯಲ್ಲಿ ಹೊಸ್ತಿಲಿನ ದಪ್ಪ ತುಂಡು ಒಂದೇ ಇತ್ತು. ಕೊಯ್ದೆ, ಕೂಡಿಸಿದೆ; ಅಳತೆ ಮಾಡಿ ಇಟ್ಟಂತೆ ಕೂತಿತು. ಅದರ ಬಣ್ಣ ಎಷ್ಟು ತಿಕ್ಕಿದರೂ ಹೋಗದ ಹಳದಿ. ಪಾಲಿಶ್ ಖರ್ಚು ಉಳಿಯಿತು ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಕೈ ಪೂರಾ ಮುಟ್ಟಲಿಲ್ಲ, ಆದರೂ ತಟ್ಟಿಕೊಂಡೆ.

ಪಂಚಮಿ ಊಟ

ಅಕ್ಕ, ಮಾವ ಬಂದರು. ಅಕ್ಕ ಉಂಡಿಯ ಡಬ್ಬಿಯನ್ನು ಕೆಳಗಿಡಲೇ ಇಲ್ಲ, ಕೈಯಲ್ಲೇ ಹಿಡಿದು ನಿಂತಳು. ಇರುವುದೋ, ಸಂಜೆ ಬಸ್ಸೋ ಇನ್ನೂ ನಿರ್ಧಾರವಾಗಿರಲಿಲ್ಲ. ಮಾವ ಮಾತ್ರ ಸೀದಾ ಹೋಗಿ ಕುರ್ಚಿ ಎಳೆದು ಟೇಬಲ್ಲಿಗೆ ಕೂತರು. "ಅಳಿಯಾ, ಮಸ್ತ್ ಆಗ್ಯದ! ಹಾಕ್ರಿ ಕಡುಬು!"

ಪಕ್ಕದ ಮನೆಯವನೂ ಊಟಕ್ಕೆ ಬಂದಿದ್ದ. "ಆನಿ ಎಲ್ಲಿ ಕಾಕಾ?" ಅಂದ. ನಾನು ಅವನ ಮುಂದೆಯೇ ಟೇಬಲ್ ಮೇಲೆ ಎರಡೂ ಕೈ ಊರಿ ಮೈಭಾರವೆಲ್ಲ ಬಿಟ್ಟೆ. ಕೂದಲೆಳೆಯಷ್ಟೂ ಅಲುಗಲಿಲ್ಲ. ಅವನ ಬಾಯಿ ಮುಚ್ಚಿತು.

ತಾಟು ಬಂದವು. ಕಡುಬಿನ ಮೇಲೆ ತುಪ್ಪ ಬಿತ್ತು. ಅಷ್ಟು ಹೊತ್ತೂ ಅಕ್ಕ ಟೇಬಲ್ಲಿನ ಸುತ್ತ ಮೆಲ್ಲಗೆ ತಿರುಗುತ್ತಾ ಬೆರಳಾಡಿಸುತ್ತಿದ್ದಳು. "ಇದು ಅಟ್ಟದ್ದು. ಬೆಲ್ಲ ಕದ್ದು ತಿಂದು ಕೈ ಒರಸಿದ ಅಟ್ಟ." ಇನ್ನೊಂದು ಹೆಜ್ಜೆ. "ಇದು ನನ್ನ ಜೋಕಾಲಿ. ಪಂಚಮಿಗಿ ನನ್ನ ಜೀಕಿ ಜೀಕಿ ಕೆಳಗ ಕೆಡವಿದ್ಯಲ್ಲೋ ತಮ್ಮಾ!" ಅವಳ ದನಿ ಮೆತ್ತಗಾಗುತ್ತಿತ್ತು. ಗೆದ್ದೆ ಅಂದುಕೊಂಡೆ. ಬೆರಳು ನಡುವಿನ ಹಳದಿ ತೇಪೆಗೆ ಬಂತು. ನಿಂತಿತು.

"ಇದು?"

"ಹೊಸ್ತಿಲಕ್ಕಾ. ಹ್ಯಾಂಗ ಕೂತದ ನೋಡು, ಅಳತಿ ಮಾಡಿದಂಗ..."

"ತಾಟ ತಗೀರಿ!"

ಮಾವನ ಕೈಯಲ್ಲಿದ್ದ ಕಡುಬು ಬಾಯಿಗೆ ಒಂದು ಗೇಣು ದೂರದಲ್ಲಿ ನಿಂತುಬಿಟ್ಟಿತು.

"ಎಲ್ಲಾರೂ ತಾಟ ತಗೀರಿ! ಹೊಸ್ತಿಲ ಮ್ಯಾಲ ಎಂಜಲ ತಾಟ ಇಟ್ಟು ಉಣ್ತಾರೇನೋ? ತಲಿ ಅದ ಇಲ್ಲ ನಿನಗ?"

ಹೆಂಡತಿ ನನ್ನನ್ನು ನೋಡಿದ ನೋಟದಲ್ಲಿ ನಾನೇ ಹಂಡೆ ಒಲೆಗೆ ಬಿದ್ದೆ. ತಾಟುಗಳು ಎದ್ದವು. ಸಂಜೆ ಬಸ್ಸು ಖಾತ್ರಿ ಅಂದುಕೊಂಡು ನಾನು ಅಕ್ಕನ ಕೈಯ ಡಬ್ಬಿಯನ್ನೇ ನೋಡುತ್ತಾ ನಿಂತೆ.

ಅಕ್ಕ ಡಬ್ಬಿಯನ್ನು ನೆಲಕ್ಕಿಟ್ಟಳು. ಸೆರಗಿನಿಂದ ತುಪ್ಪದ ಹನಿ ಒರೆಸಿದಳು. ಹಳದಿಯ ಮೇಲೆ ಅಂಗೈ ಇಟ್ಟು ಅಂದಳು, "ಇದು ಬಣ್ಣ ಅಲ್ಲ ತಮ್ಮಾ. ಅವ್ವ ಶುಕ್ರವಾರಕ್ಕೊಮ್ಮೆ ಹಚ್ಚಿದ ಅರಿಶಿಣ. ಕಟಗಿಯೊಳಗೇ ಇಳದದ." ನಂತರ ನನ್ನ ಹೆಂಡತಿಗೆ, "ಅರಿಶಿಣ ಕುಂಕುಮ ತಾರವ್ವಾ."

ತಂದಳು. ಅಕ್ಕ ಹಚ್ಚಿದಳು, ಹೂ ಇಟ್ಟಳು, ಬಗ್ಗಿ ಹಣೆ ಮುಟ್ಟಿಸಿದಳು. ಹಿಂದೆಲ್ಲ ದಂಡೋತಿಯಲ್ಲಿ ಟಾಂಗಾ ಇಳಿದು ಒಳಗೆ ಬರುವ ಮುಂಚೆ ಬಗ್ಗುತ್ತಿದ್ದಳಲ್ಲ, ಥೇಟ್ ಹಾಗೇ. "ನನ್ನ ತವರ ಇಲ್ಲೇ ಅದ," ಅಂದಳು. "ನಾಲ್ಕು ದಿನ ಇರ್ತೀನಿ. ಬರೂ ವರ್ಷನೂ ಬರ್ತೀನಿ." ನನ್ನ ಕಣ್ಣಿಗೆ ಅಲ್ಲೇ ಮರದ ಪುಡಿ ಹೋಯಿತು. ಹಿಂದಿನ ದಿನವೇ ಗುಡಿಸಿದ್ದೆ, ಆದರೂ ಹೋಯಿತು.

ಎಲ್ಲರೂ ಟೇಬಲ್ಲಿನ ಸುತ್ತ ನೆಲದ ಮೇಲೆ ಕೂತು ಉಂಡೆವು. ಹೊಸ್ತಿಲ ಮುಂದೆ ಕುರ್ಚಿ ಬೇಡವೆಂದು ಅಕ್ಕ ಅದನ್ನೂ ಎತ್ತಿಸಿದ್ದರಿಂದ, ಮೊಣಕಾಲು ಮಡಚಲಾರದ ಮಾವ ಗೋಡೆಗೆ ಒರಗಿ, ತಾಟು ಕೈಯಲ್ಲಿ ಹಿಡಿದು, ನಿಂತೇ ಉಂಡರು. "ಅಳಿಯಾ, ಟೇಬಲ್ ಇಲ್ಲದ ಮನ್ಯಾಗ ಕುರ್ಚಿ ಮ್ಯಾಲರ ಕುಂತು ಉಣ್ತಿದ್ದೆ ನೋಡು. ನಿನ್ನ ಟೇಬಲ್ ಬಂದು ನನ್ನ ನಿಂದ್ರಿಸಿಬಿಡ್ತು."

ಈಗಲೂ ಅದು ನಮ್ಮ ಮನೆಯ ನಡುವೆ ಇದೆ. ಶುಕ್ರವಾರ ಅರಿಶಿಣ. ಸಂಜೆ ಮೊಣಕೈ ಊರಿದರೆ ಹೆಂಡತಿ ಒಳಗಿನಿಂದಲೇ ಕೂಗುತ್ತಾಳೆ, "ಲಕ್ಷ್ಮಿ ಬರೂ ಹೊತ್ತು, ಹೊಸ್ತಿಲ ಬಿಟ್ಟು ಸರೀರಿ!" ಲೋಕದಲ್ಲಿ ಊಟದ ಟೇಬಲ್ ಮಾಡಿ ಅದರ ಕೆಳಗೆ ಕೂತು ಉಣ್ಣುವವನು ನಾನೊಬ್ಬನೇ ಇರಬೇಕು.

ಹೇಳಿದ್ದೆಲ್ಲ ಖರೆ. ಅದು ಅಲುಗಾಡಲಿಲ್ಲ ಅಂದದ್ದೂ ಖರೆಯೇ. ತುಳಸಿ ಕಟ್ಟೆಯ ಹಿಂದೆ ಬಿಸಾಕಿದ ಆ ಕಲ್ಲಿನ ಚಕ್ಕೆ ಈಗಲೂ ಅಲ್ಲೇ ಬಿದ್ದಿದೆ ಅಂತ ನೀವು ತಿಳಿದುಕೊಂಡಿದ್ದರೆ ಮಾತ್ರ, ಅಷ್ಟು ತಪ್ಪು ನನ್ನದು: ಅದು ಟೇಬಲ್ಲಿನ ಒಂದು ಕಾಲಿನ ಕೆಳಗಿದೆ. ಮತ್ತೆ ಪಕ್ಕದ ಮನೆಯವನ ಬಾಯಿ ಮುಚ್ಚಿತು ಅಂದೆನಲ್ಲ, ಅದೊಂದು ಮಾತ್ರ ನಾನು ಕಟ್ಟಿದ್ದು. ನೆಲಕ್ಕೆ ಕೂತು ಉಣ್ಣುವಾಗ ಅವನ ಕಣ್ಣು ಸರಿಯಾಗಿ ಆ ಚಕ್ಕೆಯ ಮಟ್ಟಕ್ಕೇ ಬಂದಿತ್ತು. ಅವತ್ತಿನಿಂದ ಆ ಬಾಯಿ ಮುಚ್ಚಿಯೇ ಇಲ್ಲ.