ಹುಸೇನಸಾಬರ ಸೀರೆಯೂ ನನ್ನ ಮಂಗಳಾಚರಣೆಯೂ

ದೇವರನ್ನು ನೆನೆಯದೆ ಲೇಖನಿ ಎತ್ತಿದವನಲ್ಲ ನಾನು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ತಪ್ಪೊಪ್ಪಿಗೆಯಾಗಿ ಹೇಳುತ್ತಿದ್ದೇನೆ. ಗ್ರಂಥದ ಆದಿಯಲ್ಲಿ ಮಂಗಳವಾಕ್ಯವಿರಬೇಕೆಂದು ಗುರುಗಳು ನನಗೆ ಕಲಿಸಿದ್ದರು. ಗ್ರಂಥ ಬರೆಯುವ ಯೋಗವಂತೂ ನನಗೆ ಒದಗಲಿಲ್ಲ. ಆದರೆ ಕಲಿತ ವಿದ್ಯೆಯನ್ನು ಎಲ್ಲಿಯಾದರೂ ವಿನಿಯೋಗಿಸಬೇಕಲ್ಲವೆ? ಇಳಕಲ್ಲಿನ ಪ್ರೌಢಶಾಲೆಯೊಂದರಲ್ಲಿ ಸಂಸ್ಕೃತ ಕಲಿಸುತ್ತಿದ್ದಷ್ಟು ಕಾಲವೂ ಅದನ್ನು ರಜೆಯ ಅರ್ಜಿಗಳಲ್ಲಿ ವಿನಿಯೋಗಿಸಿದೆ. ಇಷ್ಟದೇವತೆಯ ಸ್ಮರಣೆ, ಹಿರಿಯರಿಗೆ ವಂದನೆ, ಮುಖ್ಯೋಪಾಧ್ಯಾಯರ ಆರೋಗ್ಯದ ವಿಚಾರಣೆ, ಇಷ್ಟೆಲ್ಲ ಮುಗಿದು ನನ್ನ ಜ್ವರದ ಪ್ರಸ್ತಾಪ ಎರಡನೆಯ ಪುಟದಲ್ಲಿ ಬರುತ್ತಿತ್ತು. ಅವರು ಅಲ್ಲಿಗೆ ತಲುಪುವಷ್ಟರಲ್ಲಿ ಜ್ವರ ಬಿಟ್ಟು ನಾನೇ ಅವರೆದುರು ನಿಂತಿರುತ್ತಿದ್ದೆ. ಕಿರಾಣಿ ಚೀಟಿಯ ನೆತ್ತಿಯ ಮೇಲೆ ಕೂಡ ‘ಶ್ರೀ ತುಳಸಿಗೇರಿ ಹನುಮಂತ ಪ್ರಸನ್ನ’ ಎಂದು ಬರೆದು, ಅಡಿಗೆರೆ ಎಳೆದು, ಅದರ ಕೆಳಗೆ ಬೆಲ್ಲ, ಕಡಲೆಬೇಳೆಗಳನ್ನು ಇಳಿಸುವುದು ನನ್ನ ಪದ್ಧತಿ. ಬಜಾರದ ಕಿರಾಣಿ ಅಂಗಡಿಯ ಮಲ್ಲಪ್ಪ ಆ ಚೀಟಿಯನ್ನು ಕಣ್ಣಿಗೊತ್ತಿಕೊಂಡೇ ಸಾಮಾನು ಕಟ್ಟುತ್ತಾನೆ.

ಈ ಪದ್ಧತಿಯಿಂದ ನನಗೆ ಕಷ್ಟ ಬಂದದ್ದು ಒಮ್ಮೆ ಮಾತ್ರ. ಮದುವೆಯಾದ ಹೊಸತರಲ್ಲಿ ತವರಿನಲ್ಲಿದ್ದ ಹೆಂಡತಿಯನ್ನು ಕರೆತರಲು ಬಾದಾಮಿಗೆ ಹೋಗುವವನಿದ್ದೆ. ಮಾವನವರಿಗೆ ತಂತಿ ಕಳಿಸಲು ಅಂಚೆ ಕಚೇರಿಗೆ ಹೋದಾಗ ಅಲ್ಲಿಯ ಗುಮಾಸ್ತ ನನ್ನ ಒಕ್ಕಣೆಯನ್ನು ನೋಡಿ, “ಇಷ್ಟೆಲ್ಲಾ ಹೋಗಂಗಿಲ್ಲರಿ, ಸ್ವಲ್ಪ ಕಡಿಮಿ ಮಾಡ್ರಿ” ಎಂದ. ದೇವರ ಹೆಸರಿಗೆ ಕತ್ತರಿ ಹಾಕಲು ಕೈ ಬರಲಿಲ್ಲ. ಬಾಲದ ಕಡೆಯಿಂದ ಕತ್ತರಿಸಿದೆ. ಮಾವನವರಿಗೆ ಮೂವರು ದೇವರ ಆಶೀರ್ವಾದವೂ ನನ್ನ ಸಾಷ್ಟಾಂಗ ನಮಸ್ಕಾರವೂ ಸುಖವಾಗಿ ತಲುಪಿದವು. ನಾನು ಬರುವ ದಿನ ಮಾತ್ರ ತಲುಪಲಿಲ್ಲ. ಅಳಿಯ ತುಂಬ ದೈವಭಕ್ತನೆಂದು ಸಂತೋಷಪಟ್ಟು ಅವರೆಲ್ಲರೂ ಪಟ್ಟದಕಲ್ಲಿನ ನೆಂಟರ ಮನೆಗೆ ಹೊರಟುಹೋದರು. ನಾನು ಬೀಗ ಹಾಕಿದ ಬಾಗಿಲಿನ ಮುಂದೆ ಕಟ್ಟೆಯ ಮೇಲೆ ಸಂಜೆಯವರೆಗೆ ಕುಳಿತಿದ್ದೆ. ನನ್ನ ಹೆಂಡತಿ ಪದ್ಮಾವತಿ ಈ ಪ್ರಸಂಗವನ್ನು ಇಂದಿಗೂ ಮರೆತಿಲ್ಲ, ನನಗೂ ಮರೆಯಗೊಟ್ಟಿಲ್ಲ.

ಇಷ್ಟು ಪೀಠಿಕೆಯಾದ ಮೇಲೆ ವಿಷಯಕ್ಕೆ ಬರುತ್ತೇನೆ. ನಮ್ಮ ಓಣಿಯಲ್ಲೇ, ನಮ್ಮ ಮನೆಯಿಂದ ಮೂರನೆಯದು, ನೇಕಾರ ಹುಸೇನಸಾಬರ ಮನೆ. ಅವರ ಮನೆಯಲ್ಲಿ ಎರಡು ಕೈಮಗ್ಗಗಳಿವೆ. ಒಂದರ ಮೇಲೆ ಅವರು ಕೂಡುತ್ತಾರೆ. ಇನ್ನೊಂದು ತೀರಿಹೋದ ಅವರ ತಮ್ಮನದು, ಈಗ ಅದರ ಮೇಲೆ ಮಗಳು ಶಬಾನಾ ನೇಯುತ್ತಾಳೆ. ಈಕೆ ಶಾಲೆಯಲ್ಲಿ ನನ್ನ ಬಳಿ ಸಂಸ್ಕೃತ ಓದಿದವಳು. ಶಬ್ದರೂಪಗಳನ್ನು ಮಗ್ಗದ ಲಾಳಿ ಓಡಿದಂತೆ ಒಪ್ಪಿಸುತ್ತಿದ್ದಳು. ಅವರು ನೇಯ್ದ ಸೀರೆಗಳನ್ನೆಲ್ಲ ಪರವೂರಿನ ಸಾಹುಕಾರನೊಬ್ಬ ಒಯ್ದು ತನ್ನ ಅಂಗಡಿಯ ಚೀಟಿ ಅಂಟಿಸಿ ಮಾರುತ್ತಾನೆ. ಉಟ್ಟವಳಿಗೆ ನೇಯ್ದವರ ಹೆಸರು ಗೊತ್ತಾಗುವ ಸಂಭವವೇ ಇಲ್ಲ. ಇದು ಶಬಾನಾಳ ಮನಸ್ಸನ್ನು ಬಹುದಿನದಿಂದ ಕೊರೆಯುತ್ತಿತ್ತು. ಅವಳೇ ಕಲಿತುಕೊಂಡು ತಂದೆಯ ಹೆಸರಿನಲ್ಲಿ ಒಂದು ವೆಬ್‌ಸೈಟ್ ಮಾಡಿದಳು. ಹುಸೇನಸಾಬರು ಗಡ್ಡ ನೀವಿಕೊಂಡು ಒಂದು ಕರಾರು ಹಾಕಿದರು.

“ನೋಡವ್ವಾ, ದಸರಾದ ತನಕ ಸುಮ್ಮನಿರ್ತೇನಿ. ಅಷ್ಟರಾಗ ಒಬ್ಬಾಕಿ, ಒಬ್ಬಾಕಿಯರೆ ನಮ್ಮ ಹೆಸರು ಹಿಡಿದು ಸೀರಿ ಕೇಳಿದ್ರ ಇದನ್ನ ಇಡೂಣು. ಇಲ್ಲಾಂದ್ರ ಅದೂ ಬಂದ್, ನಿನ್ನ ಮಗ್ಗಾನೂ ಬಂದ್. ಬಿಚ್ಚಿ ಅಟ್ಟದ ಮ್ಯಾಲೆ ಇಡೂದು.”

ಈ ಕರಾರು ನಡೆದದ್ದು ಉಗಾದಿ ಕಳೆದ ಮೇಲೆ. ಮರುದಿನವೇ ಶಬಾನಾ ನನ್ನ ಮುಂದೆ ಬಂದು ನಿಂತಳು. “ಗುರುಗಳ, ಕನ್ನಡ ನೀವ ಬರದುಕೊಡಬೇಕ್ರಿ. ನಾ ಬರದ್ರ ಸಾದಾ ಆಗ್ತೈತಿ.” ಸಾದಾ ಆಗಬಾರದೆಂಬ ಆ ಒಂದು ಮಾತು ನನ್ನನ್ನು ಹಾಳುಮಾಡಿತು. ಎಂಟು ದಿನ ಕುಳಿತು ಬರೆದೆ. ಶೀರ್ಷಿಕೆ: ‘ಶ್ರೀ ತುಳಸಿಗೇರಿ ಹನುಮಂತ ಪ್ರಸನ್ನ: ಸಕಲ ಸಜ್ಜನರಲ್ಲಿ ಸವಿನಯ ವಿಜ್ಞಾಪನೆ.’ ಅದರ ಕೆಳಗೆ ವಿವರಣೆ: ‘ತುಳಸಿಗೇರಿಯ ಹನುಮಪ್ಪನ ಸನ್ನಿಧಿಗೆ ಸಾಷ್ಟಾಂಗವೆರಗಿ, ಬಾದಾಮಿಯ ಬನಶಂಕರಿ ತಾಯಿಯ ಪಾದಕ್ಕೆ ಮಣಿದು, ಗುರುಹಿರಿಯರ ಅನುಮತಿ ಪಡೆದು, ಇಳಕಲ್ಲಿನಲ್ಲಿ ಮೂರು ತಲೆಮಾರಿನಿಂದ’ ಎಂದು ಮೊದಲಾಗಿ, ಒಂದೇ ವಾಕ್ಯ ಹನ್ನೊಂದು ಸಾಲು. ಸೀರೆ ಏಳನೆಯ ಸಾಲಿನಲ್ಲಿ ಪ್ರವೇಶಿಸುತ್ತಿತ್ತು. ಹುಸೇನಸಾಬರಿಗೆ ಓದಿ ತೋರಿಸಿದೆ. “ದೇವರ ಹೆಸರಿಂದ ಚಾಲೂ ಆಗೇತಿ, ಚಲೋ ಆತ್ರಿ ಮಾಸ್ತರ್ರ” ಎಂದರು. ಶಬಾನಾ ತುಟಿ ಬಿಚ್ಚಿ ಏನೋ ಹೇಳಹೊರಟು ಸುಮ್ಮನಾದಳು. ಗುರುವಿನ ವಾಕ್ಯಕ್ಕೆ ಕೈಹಚ್ಚಬಾರದೆಂದು ಅವಳಿಗೆ ಕಲಿಸಿದವನು ನಾನೇ. ಆ ಪಾಠವೊಂದನ್ನು ಅವಳು ಮರೆತಿದ್ದರೆ ಈ ಪ್ರಬಂಧಕ್ಕೆ ಅವಕಾಶವೇ ಇರುತ್ತಿರಲಿಲ್ಲ.

ನಾಲ್ಕು ತಿಂಗಳು ಕಳೆದವು. ಶ್ರಾವಣ ಹತ್ತಿತು. ಒಂದು ಶುಕ್ರವಾರ ಸಂಜೆ ನಾನು ಕಟ್ಟೆಯ ಮೇಲೆ ಕುಳಿತಿರುವಾಗ ಹುಸೇನಸಾಬರು ಫೋನನ್ನು ಅಂಗೈಯಿಂದ ಮುಚ್ಚಿಕೊಂಡು ಅವಸರದಲ್ಲಿ ಬಂದರು.

“ಮಾಸ್ತರ್ರ, ಹನುಮಪ್ಪನ ಗುಡಿ ಬಾಗಲಾ ಶನಿವಾರ ಎಷ್ಟಕ್ಕ ತೆಗೀತಾರ್ರಿ?”

ನನಗೆ ರೋಮಾಂಚನವಾಯಿತು. “ತುಳಸಿಗೇರಿಗೆ ಹೊಂಟೀರೇನ್ರಿ?” ಎಂದೆ.

“ನಾ ಎಲ್ಲಿ ಹೋಗ್ಲಿರಿ? ಮಗ್ಗದ ಮ್ಯಾಲೆ ಹಾಸು ಅರ್ಧಾ ಐತಿ. ಫೋನಿನ್ಯಾಗ ಒಬ್ಬಾಕಿ ಕೇಳಾಕತ್ತಾಳ. ಮುಂಜಾನಿಂದ ಇದು ಐದನೇದು. ಒಬ್ಬಾಂವ ಬಾಗಲಕೋಟಿಂದ ಬಸ್ ಎಷ್ಟಕ್ಕ ಅಂತಾನ, ಒಬ್ಬಾಂವ ಎಲಿಪೂಜಿಗೆ ಎಲ್ಲಿ ಚೀಟಿ ಮಾಡಸೂದು ಅಂತಾನ. ಮೊನ್ನೆ ಒಬ್ಬ ಮುದುಕಪ್ಪ ನನಗ ‘ಅರ್ಚಕರ, ನಮಸ್ಕಾರ’ ಅಂದ್ನಲ್ಲರಿ!”

“ನೀವು ಏನಂದ್ರಿ?”

“ಏನನ್ನೂದು? ದೊಡ್ಡಾಂವ ಕೈ ಮುಗದಾನ, ‘ದೇವರು ಒಳ್ಳೇದು ಮಾಡ್ಲಿ’ ಅಂದೆ.”

ನಾನು ಹೇಳಿದ ಸಮಯವನ್ನು ಅವರು ಫೋನಿನಲ್ಲಿ ಒಂದೊಂದು ಅಕ್ಷರ ಬಿಡಿಸಿ ಆ ಹೆಣ್ಣುಮಗಳಿಗೆ ತಿಳಿಸಿದರು. ಮಕ್ಕಳು ಜೊತೆಗಿದ್ದರೆ ಬೇಗ ಹೊರಡಿರೆಂದೂ ಶ್ರಾವಣದಲ್ಲಿ ಸಾಲು ಉದ್ದವಿರುತ್ತದೆಂದೂ ತಾವೇ ಸೇರಿಸಿದರು. ಕೊನೆಗೆ “ನಾ ಅರ್ಚಕ ಅಲ್ಲವ್ವಾ, ಸೀರಿ ನೇಯಾಂವ, ಹುಸೇನಸಾಬ ಅಂತ, ಇಳಕಲ್” ಎಂದು ಹೇಳಿ ಇಟ್ಟರು. ಸುಳ್ಳು ಹೆಸರಿನಲ್ಲಿ ನಮಸ್ಕಾರ ಪಡೆಯುವುದು ಅವರಿಗೆ ಒಗ್ಗಿರಲಿಲ್ಲ.

ಹಿಂದೆಯೇ ಬಂದ ಶಬಾನಾ ತಲೆ ತಗ್ಗಿಸಿ ನಿಂತಳು. ಕೊನೆಗೂ ಬಾಯಿ ಬಿಟ್ಟಳು. “ಗುರುಗಳ, ತಪ್ಪು ತಿಳೀಬ್ಯಾಡ್ರಿ. ಮಂದಿ ಫೋನಿನ್ಯಾಗ ಹುಡುಕಿದಾಗ ನಮ್ಮ ಹೆಸರು ಬರ್ತೈತ್ರಿ. ದಿನಾ ಎಷ್ಟೋ ಮಂದಿಗೆ ಕಾಣಸ್ತೈತಿ. ಆದ್ರ ಸೀರಿ ಬೇಕಾದವರು ಯಾರೂ ಒತ್ತಂಗಿಲ್ಲರಿ. ಮ್ಯಾಲೆ ಹನುಮಪ್ಪನ ಹೆಸರು ನೋಡಿ ಗುಡಿ ಬೇಕಾದವರು ಒತ್ತಿ, ಅಲ್ಲಿರೂ ನಮ್ಮ ನಂಬರಿಗೆ ಫೋನ್ ಮಾಡತಾರ.” ಮತ್ತು ತನ್ನ ಫೋನನ್ನು ನನ್ನ ಮುಂದೆ ಹಿಡಿದಳು. ಹತ್ತು ಅಂಗಡಿಗಳ ಹೆಸರು ಸಾಲಾಗಿ ನಿಂತಿದ್ದವು. ಒಬ್ಬೊಬ್ಬರಿಗೂ ಒಂದು ತಲೆಬರಹ, ಕೆಳಗೆ ಎರಡೇ ಸಾಲು. ಮೂರನೆಯ ಸಾಲಿಗೆ ಅಲ್ಲಿ ಜಾಗವಿಲ್ಲ. ನನ್ನ ವಾಕ್ಯ ‘ಇಳಕಲ್ಲಿನಲ್ಲಿ ಮೂರು ತಲೆಮಾರಿನಿಂದ’ ಎಂಬಲ್ಲಿಗೆ ತುಂಡಾಗಿ, ಮುಂದೆ ಮೂರು ಚುಕ್ಕೆಗಳಾಗಿ ಅಳಿದುಹೋಗಿತ್ತು.

ಬಾಗಿಲಲ್ಲಿ ನಿಂತಿದ್ದ ಪದ್ಮಾವತಿ ಇಣುಕಿ ಓದಿದಳು. “ಮೂರು ತಲಿಮಾರಿಂದ ಏನು ಮಾಡಾಕತ್ತಾರಂತ?” ಎಂದಳು. ಅವಳೇ ಮುಂದುವರಿದು, “ನಮ್ಮ ಅಪ್ಪಗ ಕಳಿಸಿದ ತಂತಿ ಇದು. ಬಾಲಾ ಆಗೂ ಬರಲಿಲ್ಲ, ಈಗೂ ಬಂದಿಲ್ಲ ನೋಡ್ರಿ” ಎಂದಳು.

ಆ ರಾತ್ರಿ ಊಟ ರುಚಿಸಲಿಲ್ಲ. ಆದರೆ ನನ್ನ ಅಭಿಮಾನಕ್ಕಿಂತ ದೊಡ್ಡ ವಸ್ತುವೊಂದು ತೂಗಾಡುತ್ತಿತ್ತು. ದಸರೆಗೆ ಒಂದೂವರೆ ತಿಂಗಳಿತ್ತು. ನನ್ನ ಸಾಷ್ಟಾಂಗದ ಭಾರದಿಂದ ಒಬ್ಬ ಶಿಷ್ಯೆಯ ಮಗ್ಗ ಅಟ್ಟಕ್ಕೇರುವುದಾದರೆ ಹನುಮಪ್ಪನು ಕೂಡ ಅದನ್ನು ಭಕ್ತಿಯೆಂದು ಒಪ್ಪಲಾರ.

ಮರುದಿನ ಹುಸೇನಸಾಬರ ಮನೆಯಲ್ಲಿ ಸಭೆ ಸೇರಿತು. ಎರಡು ಸಾಲಿನಲ್ಲಿ ಏನು ಬರೆಯಬೇಕು? ಹತ್ತಾರು ಸೀರೆಗಳ ಸಾಲಿನಲ್ಲಿ ನಮ್ಮದನ್ನೇ ಒತ್ತಬೇಕೆಂದು ಯಾಕೆ ಅನ್ನಿಸಬೇಕು? ಬೇರೆಯವರೆಲ್ಲ ಹೇಗೆ ಬರೆದಿದ್ದಾರೆಂದು ಶಬಾನಾ ಓದಿ ಹೇಳಿದಳು: ಒಬ್ಬರದು ಜಗತ್ತಿನಲ್ಲೇ ಶ್ರೇಷ್ಠ, ಇನ್ನೊಬ್ಬರದನ್ನು ನೋಡಿದರೆ ನೀವು ಬೆರಗಾಗುತ್ತೀರಿ. ಹುಸೇನಸಾಬರು ತಲೆಯಾಡಿಸಿದರು. “ಬ್ಯಾಡ್ರಿ. ಬೆರಗಾಗಾಕ ಬಂದಾಕಿ ಸೀರಿ ನೋಡಿ, ಬೆರಗಾಗದ ಹೊಳ್ಳಿ ಹೋದ್ಲಂದ್ರ? ಕರದು ಅಪಮಾನ ಮಾಡಿಸಿಕೊಂಡಂಗ.”

ಪದ್ಮಾವತಿ ಮಗ್ಗದ ಮೇಲಿದ್ದ ಸೀರೆಯನ್ನು ಮುಟ್ಟಿ ನೋಡುತ್ತಿದ್ದವಳು ತನ್ನ ಪಾಡಿಗೆ ಕೇಳಿದಳು: “ಇದು ಖರೆ ಕೈಮಗ್ಗದ್ದ ಅಂತ ಹ್ಯಾಂಗ ಗುರ್ತ ಹಿಡಿಯೂದು ಸಾಬರ? ಒಗದ್ರ ಬಣ್ಣ ಹೋಗತೈತೇನು? ಈ ಸೆರಗು ಒಡಲಿಗೆ ಹೊಲಿಗಿ ಇಲ್ಲದ ಹ್ಯಾಂಗ ಕೂಡೇತಿ?”

“ಒಡಲಿನ ಎಳಿ ಬ್ಯಾರೆ, ಸೆರಗಿನ ಎಳಿ ಬ್ಯಾರೆ ವೈನಿ. ಒಂದೊಂದ ಎಳಿಗೂ ಕೊಂಡಿ ಹಾಕಿ ಕೂಡಸ್ತೇವಿ. ಇಳಕಲ್ಲಿನ ಸೀರಿ ಅಂದ್ರ ಅದ…”

ಶಬಾನಾ ಬರೆದುಕೊಳ್ಳುತ್ತಿದ್ದುದನ್ನು ನಾನು ಆಗಲೇ ಗಮನಿಸಿದೆ. ಅರ್ಧ ಶತಮಾನ ಸೀರೆ ಉಟ್ಟವಳೊಬ್ಬಳು ಕೇಳುವುದು ಮೂರೇ ಪ್ರಶ್ನೆ, ಮತ್ತು ಅವು ಎರಡು ಸಾಲಿನಲ್ಲಿ ಹಿಡಿಯುತ್ತಿದ್ದವು. ಹೊಸ ತಲೆಬರಹ ಹೀಗಾಯಿತು: ‘ಕೊಂಡಿ ಹಾಕಿ ನೇಯ್ದ ಇಳಕಲ್ ಕೈಮಗ್ಗದ ಸೀರೆ: ಹುಸೇನಸಾಬ, ಇಳಕಲ್.’ ಕೆಳಗೆ: ‘ಕೈಮಗ್ಗದ್ದೆಂದು ಗುರುತಿಸುವುದು ಹೇಗೆ? ಒಗೆದರೆ ಬಣ್ಣ ಹೋಗುತ್ತದೆಯೆ? ಸೆರಗು ಹೊಲಿಗೆಯಿಲ್ಲದೆ ಹೇಗೆ ಕೂಡುತ್ತದೆ? ನೇಯ್ದವರೇ ಹೇಳುತ್ತಾರೆ.’ ಅದರಲ್ಲಿ ನನ್ನದೆನ್ನುವುದು ಪ್ರಶ್ನಾರ್ಥಕ ಚಿಹ್ನೆಗಳು ಮಾತ್ರ.

ಉಳಿದದ್ದು ಮಂಗಳಾಚರಣೆ. ಅಳಿಸಿರೆಂದು ಹೇಳಲು ನನ್ನ ನಾಲಿಗೆ ಏಳಲಿಲ್ಲ. ಹುಸೇನಸಾಬರು ನನ್ನ ಮುಖ ನೋಡಿ ಮಗ್ಗದಿಂದ ಎದ್ದು ಬಂದು ಹತ್ತಿರ ಕುಳಿತರು.

“ಮಾಸ್ತರ್ರ, ಹಾಸು ಹೂಡೂಮುಂದ ನಾ ಬಿಸ್ಮಿಲ್ಲಾ ಅಂತೇನಿ. ನಮ್ಮಪ್ಪಾನೂ ಅಂತಿದ್ದ. ಇಷ್ಟು ವರ್ಷದಾಗ ಎಷ್ಟು ಸೀರಿ ಇಳಿಸೇನಿ! ಒಂದರಾಗರೆ ಅದು ನಿಮ್ಮ ಕಣ್ಣಿಗೆ ಕಂಡೈತೇನ್ರಿ? ಕಾಣಂಗಿಲ್ಲ. ಆದ್ರ ಎಲ್ಲಾ ಎಳ್ಯಾಗೂ ಐತಿ.”

ಮೂವತ್ತೈದು ವರ್ಷ ಶಾಸ್ತ್ರ ಹೇಳಿದವನಿಗೆ ಕಾಲು ತಾಸಿನಲ್ಲೇ ಪಾಠವಾಯಿತು. ನಾನು ಕಣ್ಣು ಮುಚ್ಚಿ ಹನುಮಪ್ಪನನ್ನು ತುಟಿಯೊಳಗೇ ನೆನೆದೆ. ಶಬಾನಾ ಬದಲಿಸಿದಳು.

ಬರುವ ಫೋನುಗಳ ಜಾತಿ ಬದಲಾಯಿತು. ಗುಡಿಯ ಪ್ರಶ್ನೆಗಳು ಕಡಿಮೆಯಾಗಿ ಬಣ್ಣದ ಪ್ರಶ್ನೆಗಳು ಬಂದವು. ಒತ್ತುವವರು ದಿನದಿನಕ್ಕೆ ಹೆಚ್ಚುತ್ತಿದ್ದಾರೆಂದು ಶಬಾನಾ ಬಂದು ಬಂದು ಹೇಳುತ್ತಿದ್ದಳು. ಆದರೆ ನೋಡಿದವರು ನೋಡಿ ಹೋದರು, ಕೇಳಿದವರು ಕೇಳಿ ಇಟ್ಟರು. ನವರಾತ್ರಿಯ ಘಟ ಕೂಡಿಸಿ ನಾಲ್ಕು ದಿನವಾದರೂ ಯಾರೂ ಸೀರೆ ಬೇಕೆನ್ನಲಿಲ್ಲ. ಹುಸೇನಸಾಬರು ಅಟ್ಟದ ಮೇಲಿನ ಧೂಳು ಝಾಡಿಸಿದ್ದನ್ನು ನಾನೇ ಕಂಡೆ. ಐದನೆಯ ದಿನ ಮಧ್ಯಾಹ್ನ ಫೋನು ಬಂತು. ಕಲಾದಗಿಯ ಹೆಣ್ಣುಮಗಳು. ದಾಳಿಂಬೆ ಬಣ್ಣದ ಸೀರೆ ಬೇಕು, ಮಗಳ ಸೀಮಂತಕ್ಕೆ.

“ನಮ್ಮ ಹೆಸರು ಹ್ಯಾಂಗ ಸಿಕ್ತುರಿ ಅಕ್ಕಾರ?” ಎಂದು ಶಬಾನಾ ಕೇಳಿದಳು. ಉತ್ತರವನ್ನು ಓಣಿಯವರೆಲ್ಲ ಕೇಳಲೆಂದು ಫೋನಿನ ಧ್ವನಿ ಏರಿಸಿದಳು.

“ಫೋನಿನ್ಯಾಗ ಸೀರಿ ಹುಡುಕಿದೆ. ಹತ್ತು ಅಂಗಡಿ ಬಂದ್ವು. ಅದರಾಗ ಹುಸೇನಸಾಬ, ಇಳಕಲ್ ಅಂತ ಕಂಡಿತು. ಅಯ್ಯ, ಶ್ರಾವಣದಾಗ ಗುಡಿ ಬಾಗಲಾ ಎಷ್ಟಕ್ಕ ಅಂತ ಹೇಳಿದ ಅಜ್ಜಾರು ಇವರ ಅಲ್ಲೇನು ಅಂದೆ. ಅವರು ಹೇಳಿದ ಹೊತ್ತಿಗೆ ಸರಿಯಾಗಿ ಬಾಗಲಾ ತೆಗೆದ್ರು ನೋಡವಾ. ತಮ್ಮದಲ್ಲದ ಗುಡಿದ ಖರೆ ಹೇಳಿದವರು ತಮ್ಮ ಸೀರಿದು ಸುಳ್ಳ ಹೇಳ್ತಾರೇನು?”

ಹುಸೇನಸಾಬರು ಅಟ್ಟದ ಏಣಿಯನ್ನು ಎತ್ತಿ ಹಿತ್ತಲಿಗೆ ಒಯ್ದಿಟ್ಟು ಬಂದರು. ಶಬಾನಾ ತನ್ನ ಮಗ್ಗದ ಮೇಲೆ ಹೋಗಿ ಕುಳಿತಳು. ನಾನು ಮಾತ್ರ ಮನೆಗೆ ಬಂದು, ನೋಡಿದೆಯಾ, ಆದಿಯಲ್ಲಿ ಮಾಡಿದ ಮಂಗಳ ಅಂತ್ಯದಲ್ಲಿ ಫಲ ಕೊಟ್ಟಿತು ಎಂದು ಪದ್ಮಾವತಿಯ ಮುಂದೆ ಸ್ವಲ್ಪ ಎದೆಯುಬ್ಬಿಸಿದೆ. “ಹೌದು, ಫೋನ್ ಎತ್ತಿ ಗುಡಿ ಟೈಮ್ ಹೇಳಿದವರು ನೀವ ಅಲ್ಲೇನು?” ಎಂದು ಅವಳು ಒಳಗೆ ಹೋದಳು.

ಪಾಠ ಕಲಿತ ಮೇಲೆ ಆಚರಣೆಗೆ ತರಬೇಕಲ್ಲ. ಬನ್ನಿ ಮುಡಿಯುವ ಹಿಂದಿನ ದಿನ, ಹುಸೇನಸಾಬರ ಮನೆಗೂ ಕೊಡಲೆಂದು ಹೋಳಿಗೆಯ ಸಾಮಾನಿನ ಚೀಟಿ ಬರೆಯಲು ಕುಳಿತೆ. ಹನುಮಪ್ಪನನ್ನು ತುಟಿಯೊಳಗೇ ನೆನೆದು, ಹಾಳೆಯ ಮೇಲೆ ನೇರವಾಗಿ ‘ಬೆಲ್ಲ’ ಎಂದು ಬರೆದೆ. ಎಂತಹ ಲಾಘವ! ಮಲ್ಲಪ್ಪನ ಅಂಗಡಿಯಲ್ಲಿ ಹಬ್ಬದ ಗದ್ದಲ. ಚೀಟಿಗಳ ರಾಶಿಯ ಮೇಲೆ ನನ್ನದನ್ನೂ ಇಟ್ಟು, ಆಮೇಲೆ ಬಂದರಾಯಿತೆಂದು ಬನ್ನಿಯ ಸೊಪ್ಪು ತರಲು ಹೋದೆ. ತಾಸು ಬಿಟ್ಟು ಬಂದರೆ ಎಲ್ಲರ ಚೀಲಗಳೂ ಕಟ್ಟಿ ನಿಂತಿದ್ದವು, ನನ್ನದಿರಲಿಲ್ಲ.

“ನಿಮ್ಮ ಚೀಟಿ ಬಂದ ಇಲ್ಲಲ್ಲರಿ ಮಾಸ್ತರ್ರ! ಆಗಿಂದ ಕಾಯಾಕತ್ತೇನಿ” ಎಂದ ಮಲ್ಲಪ್ಪ. ಕಾಗದಗಳ ರಾಶಿಯಲ್ಲಿ ನಾನು ನನ್ನದನ್ನು ಹುಡುಕಿ ತೆಗೆದು ಕೊಟ್ಟೆ. ಅವನು ಹಿಂದೆ ಮುಂದೆ ತಿರುಗಿಸಿ ನೋಡಿದ.

“ಇದು ನಿಮ್ಮದೇನ್ರಿ? ಮ್ಯಾಲೆ ಹನುಮಪ್ಪ ಇಲ್ಲ, ಏನಿಲ್ಲ. ಯಾರದೋ ಬೇವಾರ್ಸಿ ಚೀಟಿ ಅಂತ ತಳಕ್ಕ ಹಾಕಿದ್ದೆ ನೋಡ್ರಿ.” ನಂತರ ಸ್ವಲ್ಪ ಚಿಂತೆಯಿಂದ ದನಿ ತಗ್ಗಿಸಿ ಕೇಳಿದ: “ಮನ್ಯಾಗ ಎಲ್ಲಾ ಆರಾಮ ಅದಾರಲ್ಲರಿ?”

ಎಲ್ಲರೂ ಆರಾಮವಾಗಿದ್ದರು, ಅಂಗಡಿಯ ಬೆಲ್ಲ ಮಾತ್ರ ಅಷ್ಟರಲ್ಲಿ ಮುಗಿದುಹೋಗಿತ್ತು.