‘ಕ್ಷ’ ಬಂದಾಗ ಸತ್ತ ಕಂಪ್ಯೂಟರು

…ಸರಿಯಾಗಿ ‘ಕ್ಷ’ ಬಂದಾಗಲೇ ಕಂಪ್ಯೂಟರು ಸತ್ತಿತೋ, ಇಲ್ಲ ಕಥೆ ಚೆನ್ನಾಗಿರಲಿ ಎಂದು ಆಮೇಲೆ ನಾನೇ ಹಾಗೆ ಹೊಂದಿಸಿಕೊಂಡೆನೋ, ಈಗ ಖಾತ್ರಿಯಿಲ್ಲ. ನನ್ನ ನೆನಪು ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಬೇರೆಯವರ ನೆನಪಾಗಿದ್ದರೆ ನಂಬುತ್ತಿರಲಿಲ್ಲ.

ಹುಬ್ಬಳ್ಳಿಯ ಗುರಣ್ಣ ಮತ್ತು ನಾನು ಫ್ರೀಮಾಂಟಿನಿಂದ ಒಂದೇ ಕಾರಿನಲ್ಲಿ ಕೊಲ್ಲಿಯ ಸೇತುವೆ ದಾಟಿ ಆಫೀಸಿಗೆ ಹೋಗುವವರು. ಒಂದು ಭಾನುವಾರ ಅವನ ಮನೆಯ ಊಟದಲ್ಲಿ, ಅವನೇ ಬೆಳಗಿನಿಂದ ನಿಂತು ಬಡಿದ ಜೋಳದ ರೊಟ್ಟಿಯನ್ನು ನಾನು ‘ರಟ್ಟು’ ಅಂದೆ. ಪ್ರಾಸಕ್ಕೆ ಅಂದೆ. ಎಲ್ಲರೂ ನಕ್ಕರು, ಗುರಣ್ಣ ನಗಲಿಲ್ಲ. ಮರುದಿನದಿಂದ ಅವನ ಕಾರು ನಮ್ಮ ಅಪಾರ್ಟ್‌ಮೆಂಟಿನ ಮುಂದೆ ನಿಲ್ಲಲಿಲ್ಲ. ಒಬ್ಬನೇ ಹೋದರೆ, ಇಬ್ಬರಾದರೂ ಕೂತ ಕಾರುಗಳು ಬೇಗ ಸಾಗಲೆಂದು ಮೀಸಲಿಟ್ಟ ಫ್ರೀವೇಯ ಕಾರ್‌ಪೂಲ್ ಲೇನಿಗೆ ಪ್ರವೇಶವಿಲ್ಲ. ನನ್ನ ಪಶ್ಚಾತ್ತಾಪದಲ್ಲಿ ಸ್ನೇಹ ಎಷ್ಟು, ಟ್ರಾಫಿಕ್ಕು ಎಷ್ಟು ಎಂದು ಬೇರ್ಪಡಿಸಿ ನೋಡುವ ಧೈರ್ಯ ಮಾಡಿಲ್ಲ.

“ಫೋನ್ ಮಾಡಿ ಮಾತಾಡ್ರೀ,” ಅಂದಳು ಹೆಂಡತಿ ಶೈಲಜಾ.

“ಬರವಣಿಗೆಗೆ ಒಂದು ಘನತೆ ಇರುತ್ತೆ.”

“ಅಂದ್ರೆ ಭಯ.”

ಈಮೇಲು ತೆರೆದು ಕನ್ನಡದಲ್ಲೇ ಕುಟ್ಟಿದೆ: “ಗುರಣ್ಣ, ನಿನ್ನ ರೊಟ್ಟಿ ರಟ್ಟಿನ ಹಾಗಿತ್ತು ಅಂದೆ.” ಮುಂದಿನ ಮಾತು ‘ಕ್ಷಮಿಸು’. ‘ಕ್ಷ’ ಒತ್ತಿದ್ದೇ ತಡ, ಪರದೆ ಕಪ್ಪಾಯಿತು. ಮತ್ತೆ ಚಾಲೂ ಮಾಡಿ, ಮತ್ತೆ ಬರೆದೆ, ಮತ್ತೆ ಕಪ್ಪು. ಫಾಂಟು ಕಿತ್ತು ಹಾಕಿದೆ, ಈಮೇಲ್ ಪ್ರೋಗ್ರಾಮನ್ನು ಹೊಸದಾಗಿ ತುಂಬಿದೆ. ಮೂರನೇ ಸಲವೂ ಅದೇ ಗತಿ.

ಸೋಫಾದಿಂದ ಮಗಳು, “ಅಪ್ಪಾ, ಜಸ್ಟ್ ಸೇ ಸಾರಿ,” ಅಂದಳು.

“ಇಂಗ್ಲಿಷ್ ಸಾರಿಗೆ ತೂಕ ಇಲ್ಲ ಪುಟ್ಟಿ.”

“ಕನ್ನಡ ಸಾರಿ ಈಸ್ ಟೂ ಹೆವಿ. ಇಟ್ ಕ್ರ್ಯಾಶ್ಡ್.”

ಇನ್ನೊಮ್ಮೆ ಚಾಲೂ ಮಾಡಿದಾಗ ಪರದೆಯ ಮೇಲೆ ಒಂದು ಪೆಟ್ಟಿಗೆ ಎದ್ದು, ಉಳಿದುಕೊಂಡ ಪತ್ರಗಳನ್ನು ಕಳಿಸಲೇ ಎಂದು ಕೇಳಿತು. ಓದದೆ ಹೂಂ ಒತ್ತಿದೆ. ಆಫೀಸಿನಲ್ಲಿ ಇಂಥ ಪೆಟ್ಟಿಗೆಗಳನ್ನು ಬರೆದೇ ಸಂಬಳ ತೆಗೆದುಕೊಳ್ಳುವವನು ನಾನು. ಅವನ್ನು ಯಾರೂ ಓದುವುದಿಲ್ಲ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಐದು ನಿಮಿಷಕ್ಕೆ ಗುರಣ್ಣನ ಫೋನು. “ಏನಲೇ, ಊಟದಾಗ ಒಮ್ಮೆ ಅಂದದ್ದು ಸಾಲಲಿಲ್ಲೇನು? ಮೂರು ಸಲ ಬರದು ಕಳಸೀಯಲ್ಲ!”

ಮೂರೂ ಪತ್ರ ಹೋಗಿದ್ದವು. ರಟ್ಟಿನವರೆಗೆ ಮಾತ್ರ. ಬೆವರುತ್ತ ಫಾಂಟು, ಕೀಬೋರ್ಡು, ಕ್ಷಕಾರ ಎಲ್ಲವನ್ನೂ ವಿವರಿಸಿದೆ. ಆ ಕಡೆಯಿಂದ ಕೆಮ್ಮು ಬರುವಷ್ಟು ನಗು. “ಕ್ಷಮಿಸು ಅನ್ನಾಕ ನಿನ್ನ ಕಂಪ್ಯೂಟರಿಗೂ ಸೊಕ್ಕೇನಲೇ? ನಾಳೆ ಏಳಕ್ಕ ಕೆಳಗ ನಿಂತಿರು.”

ಮರುದಿನ ಏಳಕ್ಕೆ ಅವನ ಕಾರು ಬಂತು. ಆ ಫೋನಿನಲ್ಲಿ ನಾನು ‘ತಪ್ಪಾಯ್ತು ಗುರಣ್ಣ’ ಅಂದೆ ಎಂದೇ ನನ್ನ ನೆನಪು. ಪಕ್ಕದಲ್ಲಿ ನಿಂತಿದ್ದ ಶೈಲಜಾ, “ಬರೀ ಕಂಪ್ಯೂಟರಿನ ಕಥೆ ಹೇಳಿದ್ರಿ, ಆ ಮಾತು ಬಾಯಿಂದ ಬರಲೇ ಇಲ್ಲ,” ಅನ್ನುತ್ತಾಳೆ. ಗುರಣ್ಣನನ್ನೇ ಕೇಳಬಹುದು, ದಿನಾ ಪಕ್ಕದಲ್ಲೇ ಕೂತಿರುತ್ತಾನೆ. ಕೇಳಿಲ್ಲ. ಅಂದೆನೋ ಇಲ್ಲವೋ, ನನಗೆ ಗೊತ್ತಿಲ್ಲ.